ಗ್ರಿಲೆಕನ ಹತ್ತೊಂಬತ್ತು ಪಾಯಿಂಟುಗಳು

ರಾಯಚೂರು
12 ಆಗಸ್ಟ್ 2025

ಪ್ರೀತಿಯ ಅಬ್ಬಾ,

ಸಲಾಂ. ಇವತ್ತಿನ ಬುತ್ತಿ ಡಬ್ಬಿ ಮುಟ್ಟಿತು. ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ಕೊಡುವಾಗ ಕಂಡಕ್ಟರ್ ಆದೆಪ್ಪಣ್ಣ ಎಲ್ಲರೆದುರು ಹೇಳಿದರು: "ಯವ್ವಾ, ನಿಮ್ಮಪ್ಪ ಬಸ್ಸು ಗಬ್ಬೂರು ದಾಟೂದ್ರಾಗ ಮೂರು ಸಲ ಫೋನ್ ಮಾಡ್ಯಾನ, ಡಬ್ಬಿ ಬಿಸಿ ಅದ ಏನ್ ಅಂತ. ಇನ್ನ ಡಬ್ಬಿ ಮ್ಯಾಲೆ ನಾನ ಕಾವು ಕುಂದ್ರಬೇಕೇನು?" ಪ್ಲೀಸ್ ಅಬ್ಬಾ, ಅವರಿಗೆ ಫೋನ್ ಮಾಡಬೇಡಿ. ನನ್ನ ಜೊತೆ ಬಂದ ಹುಡುಗಿಯರು ಹಾಸ್ಟೆಲ್ ಮುಟ್ಟುವವರೆಗೂ ಕೋಳಿಯಂತೆ ಕೂಗಿದರು.

ನನ್ನ ಫೋನು ವಾರ್ಡನ್ ಹಂಪಮ್ಮ ಮೇಡಂ ಕಪಾಟಿನಲ್ಲಿದೆ. ಫಸ್ಟ್ ಇಯರ್‌ನವರಿಗೆ ಭಾನುವಾರ ಮಾತ್ರ ಕೊಡುತ್ತಾರೆ. ಆಗಲೂ ಪಕ್ಕದಲ್ಲೇ ಕೂತಿರುತ್ತಾರೆ, ಹಾಗಾಗಿ ನಾನು "ಎಲ್ಲಾ ಓಕೆ" ಅಂತ ಬಿಟ್ಟು ಬೇರೇನೂ ಹೇಳಿಲ್ಲ. ಎಲ್ಲಾ ಓಕೆ ಇಲ್ಲ. ಅದಕ್ಕೇ ಖಾಲಿ ಡಬ್ಬಿಯಲ್ಲಿ ಈ ಕಾಗದ.

ನನ್ನನ್ನು ಕಾಲೇಜಿನ ಬಾಸ್ಕೆಟ್‌ಬಾಲ್ ಟೀಮಿಗೆ ಹಾಕಿದ್ದಾರೆ. ಆಡಲು ಬರುತ್ತದೆ ಅಂತ ಅಲ್ಲ. ಅಡ್ಮಿಷನ್ ಸಾಲಿನಲ್ಲಿ ಎಲ್ಲರ ತಲೆಯ ಮೇಲೆ ನನ್ನ ತಲೆ ಕಂಡಿತಂತೆ, ಕ್ರೀಡಾ ವಿಭಾಗದ ಮರಿಸ್ವಾಮಿ ಸರ್ ಅಲ್ಲಿಂದಲೇ ಬೆರಳು ತೋರಿಸಿದರು. ಮಾನ್ವಿ ಹಾಸ್ಟೆಲ್ ಶಾಲೆಯಲ್ಲಿ ನಾನು ಖೋ ಖೋ ಬಿಟ್ಟು ಏನೂ ಆಡಿದವಳಲ್ಲ. ಟೀಮಿನಲ್ಲಿ ಎಂಟು ಜನ ಇದ್ದೇವೆ. ಐದು ಜನ ಆಡುತ್ತಾರೆ, ಮೂವರು ಬೆಂಚಿನ ಮೇಲೆ. ಆ ಮೂವರಲ್ಲಿ ನಾನು ಮೂರನೆಯವಳು. ಬಾಲ್ ನನ್ನ ಕಡೆ ಬಂದರೆ ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ. ಕ್ಯಾಪ್ಟನ್ ಶಿವಗಂಗಾ ಅಂತ ಸೆಕೆಂಡ್ ಇಯರ್, ಅರಕೇರಾದವಳು, ದಿನಾ ಕೂಗುತ್ತಾಳೆ: "ಲೇ ಉದ್ದಕ್ಕಾ, ಕಣ್ಣು ತಗಿಯಬೇ! ಅದು ಬಾಲು, ಬಾಂಬ್ ಅಲ್ಲ."

ಇನ್ನೊಂದು ವಿಷಯ. ಈ ಸಲ ಡಬ್ಬಿಗೆ ಟವೆಲ್ ಬದಲು ಒಂದು ನೀಲಿ ಜೆರ್ಸಿ ಸುತ್ತಿ ಕಳಿಸಿದ್ದೀರಿ. ತೋಳಿಲ್ಲದ್ದು. ಹಿಂದೆ ಹದಿಮೂರು ನಂಬರು, ಮೇಲೆ ಇಂಗ್ಲಿಷಿನಲ್ಲಿ ಗ್ರಿಲೆಕ್ ಅಂತ ಹೆಸರು. ಅದು ಬಾಸ್ಕೆಟ್‌ಬಾಲ್ ಜೆರ್ಸಿ ಅಂತ ಶಿವಗಂಗಾ ಹೇಳಿದಳು. ಗ್ರಿಲೆಕ್ ಯಾರು ಅಬ್ಬಾ? ಗೊತ್ತಿದ್ದರೆ ಬರೆಯಿರಿ. ಕೋರ್ಟಿಗೆ ಇಳಿದರೆ ನನ್ನ ಕಾಲು ನಡುಗುತ್ತವೆ. ಯಾರಾದರೊಬ್ಬರ ಹೆಸರು ಹಿಡಿದುಕೊಂಡು ಇಳಿದರೆ ನಿಲ್ಲುತ್ತವೇನೋ.

ನಿಮ್ಮ ಮಗಳು,
ಮಿನಾಜ್


ದೇವದುರ್ಗ
15 ಆಗಸ್ಟ್ 2025

ಬೇಟಿ ಮಿನಾಜ್‌ಗೆ ನಿನ್ನ ಅಬ್ಬಾನ ದುವಾ.

ನಾನು ಕಲಿತದ್ದು ಏಳನೇ ಇಯತ್ತೆ. ಆದರೆ ಮಾತಾಡಿದಂತೆ ಬರೆದರೆ ಶರಣಯ್ಯ ಮಾಸ್ತರರು ಬೆರಳಿನ ಗೆಣ್ಣಿಗೆ ಹೊಡೆಯುತ್ತಿದ್ದರು. ಆ ಭಯದಿಂದ ಇವತ್ತಿಗೂ ನಾನು ಕಾಗದದ ಮೇಲೆ ಶುದ್ಧವಾಗಿಯೇ ಇರುತ್ತೇನೆ. ತಪ್ಪಿದ್ದರೆ ನಗಬೇಡ.

ಕಾಲು ನಡುಗುತ್ತವೆ ಎಂದು ಓದಿ ನಿನ್ನ ಅಮ್ಮಿ ಎರಡು ರೊಟ್ಟಿ ಹೆಚ್ಚು ಬಡಿದಳು. ಪುಂಡಿಪಲ್ಯ ಕೆಳಗಿನ ಡಬ್ಬಿಯಲ್ಲಿದೆ.

ಗ್ರಿಲೆಕ್ ಯಾರೆಂದು ಕೇಳಿದ್ದೀಯ. ಅಂಗಿ ಬಂದದ್ದು ಹೈದರಾಬಾದಿನ ಹಳೇ ಬಟ್ಟೆಯ ಗಂಟಿನಲ್ಲಿ, ಸ್ವೆಟರುಗಳ ಅಡಿಯಲ್ಲಿ. ಅವನು ಯುರೋಪಿನ ಸಿಂಹ. ಒಂದೇ ಮ್ಯಾಚಿನಲ್ಲಿ ಅರವತ್ತು ಪಾಯಿಂಟು ಹೊಡೆದವನು. ಎದುರಿನ ಟೀಮಿನವರು ಅವನು ಬರುತ್ತಾನೆಂದು ತಿಳಿದರೆ ಜ್ವರ ಎಂದು ಹೇಳಿ ಮಲಗುತ್ತಿದ್ದರು. ಫೈನಲ್ ಗೆದ್ದ ದಿನ ಅಂಗಿ ಬಿಚ್ಚಿ ಜನರ ಮೇಲೆ ಎಸೆದ. ಅದೇ ಈ ಅಂಗಿ. ನೀನು ಅದನ್ನು ತಲೆದಿಂಬಿನ ಕೆಳಗಿಟ್ಟು ಮಲಗು, ಕಾಲಿಗೆ ಬಲ ಬರುತ್ತದೆ.

ವ್ಯಾಪಾರ ಚೆನ್ನಾಗಿದೆ. ಗಬ್ಬೂರು ಸಂತೆಯಲ್ಲಿ ಒಂದು ಕರಿಯ ಕೋಟನ್ನು ಎತ್ತಿ ಹಿಡಿದು "ಲಂಡನ್ ಜಡ್ಜ್ ಸಾಹೇಬ್ರು ಹಾಕ್ಕೊಂಡಿದ್ದು ರೀ, ಇದನ್ನ ಹಾಕ್ಕೊಂಡು ಸುಳ್ಳು ಹೇಳಾಕ ಬರಲ್ಲ" ಎಂದೆ. ರೈಸ್‌ಮಿಲ್ಲಿನ ಪಂಪಾಪತಿ ಶೆಟ್ಟರು ಅಲ್ಲೇ ತೊಟ್ಟುಕೊಂಡರು. ಗುಂಡಿ ಕೂಡಲಿಲ್ಲ. ಆದರೂ ಬಿಚ್ಚಲಿಲ್ಲ.

ನಿನ್ನ ಅಬ್ಬಾ,
ಸಮೀಉಲ್ಲಾ


ರಾಯಚೂರು
23 ಆಗಸ್ಟ್ 2025

ಪ್ರೀತಿಯ ಅಬ್ಬಾ,

ಕೆಲಸ ಮಾಡಿತು! ನಿಜವಾಗಿ! ನಿನ್ನೆ ಪ್ರಾಕ್ಟೀಸಿನಲ್ಲಿ ಮನಸ್ಸಿನಲ್ಲೇ ಗ್ರಿಲೆಕ್, ಗ್ರಿಲೆಕ್ ಅಂದುಕೊಂಡೆ, ಬಾಲ್ ಬಂತು, ಕಣ್ಣು ತೆರೆದೇ ಇತ್ತು, ಕೈಯಲ್ಲಿ ಬಾಲೂ ಇತ್ತು. ಆಮೇಲೆ ಏನು ಮಾಡಬೇಕು ಅಂತ ಗೊತ್ತಾಗದೆ ಅದನ್ನು ಶಿವಗಂಗಾಗೆ ವಾಪಸ್ ಕೊಟ್ಟುಬಿಟ್ಟೆ. "ನಾವಿಬ್ರೂ ಒಂದೇ ಟೀಮಬೇ, ಸರಿ ಮಾಡೀದಿ" ಅಂದಳು. ಅವಳು ನನ್ನನ್ನು ಹೊಗಳಿದ್ದು ಇದೇ ಮೊದಲು.

ಈಗ ಟೆನ್ಷನ್ ಬೇರೆ. ನಾನು ಅರವತ್ತು ಪಾಯಿಂಟಿನ ಕಥೆಯನ್ನು ಎಲ್ಲರಿಗೂ ಹೇಳಿದೆ, ಅದು ಮರಿಸ್ವಾಮಿ ಸರ್ ಕಿವಿಗೂ ಬಿತ್ತು. 29ನೇ ತಾರೀಖು ಕ್ರೀಡಾ ದಿನ. "ಮಿನಾಜ್, ನೀನೇ ಐದು ನಿಮಿಷ ಗ್ರಿಲೆಕ್ ಬಗ್ಗೆ ಮಾತಾಡು" ಅಂದರು. ಇಡೀ ಕಾಲೇಜು ಇರುತ್ತದೆ. ನಾನು ಅಟೆಂಡೆನ್ಸಿಗೆ "ಎಸ್ ಮೇಡಂ" ಅನ್ನಬೇಕಾದರೇ ಎರಡು ಸಲ ಹೆಸರು ಕರೆಯಬೇಕು. ಬೇಗ ಬರೆಯಿರಿ: ಯಾವ ದೇಶ? ಎಷ್ಟು ವರ್ಷ ಆಡಿದ? ಯಾವ ಟೀಮು?

ನಿಮ್ಮ ಗಾಬರಿ ಮಗಳು,
ಮಿನಾಜ್


ದೇವದುರ್ಗ
26 ಆಗಸ್ಟ್ 2025

ಬೇಟಿ ಮಿನಾಜ್‌ಗೆ ದುವಾ.

ಭಾಷಣ ಮಾಡುತ್ತೀಯೆಂದು ತಿಳಿದು ಸಂತೋಷವಾಯಿತು. ಬೇರೆ ಯಾರಾದರೂ ಮಾಡಿದರೆ ಆಗುವುದಿಲ್ಲವೇ?

ಆಗುವುದಿಲ್ಲವಾದರೆ ಬರೆದುಕೋ. ದೇಶ ಫ್ರಾನ್ಸು. ಹೌದು, ಫ್ರಾನ್ಸೇ. ಹದಿನೆಂಟು ವರ್ಷ ಒಂದೇ ಟೀಮಿಗೆ ಆಡಿದ. ಒಂದು ಮ್ಯಾಚಿನಲ್ಲಿಯೂ ಹೊರಗೆ ಕೂತವನಲ್ಲ. ಇಷ್ಟು ಸಾಕು. ಐದು ನಿಮಿಷ ಎಂದರೆ ಬಹಳ ಆಯಿತು, ಎರಡು ನಿಮಿಷದಲ್ಲಿ ಮುಗಿಸು.

ಪಕ್ಕದಲ್ಲಿ ಕೂತು ನಿನ್ನ ಅಮ್ಮಿ ನನ್ನ ಕೈಯನ್ನೇ ನೋಡುತ್ತಿದ್ದಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆದರೂ ಯಾಕೆ ಹಾಗೆ ನೋಡುತ್ತಾಳೋ ತಿಳಿಯದು.

ನಿನ್ನ ಅಬ್ಬಾ,
ಸಮೀಉಲ್ಲಾ


ರಾಯಚೂರು
31 ಆಗಸ್ಟ್ 2025

ಅಬ್ಬಾ,

ಜೊತೆಗಿರುವ ಹಾಳೆಯನ್ನು ಓದಿಸಿಕೊಳ್ಳಿ. ಭಾಷಣಕ್ಕೆ ಎಲ್ಲರೂ ಚಪ್ಪಾಳೆ ಹೊಡೆದರು. ಮರುದಿನ ಶಿವಗಂಗಾ ಕಂಪ್ಯೂಟರ್ ಲ್ಯಾಬಿನಲ್ಲಿ ಹುಡುಕಿ, ಈ ಪುಟ ಪ್ರಿಂಟ್ ತೆಗೆದು ಹಾಸ್ಟೆಲ್ ನೋಟಿಸ್ ಬೋರ್ಡಿಗೆ ಹಚ್ಚಿದಳು. ಫ್ರಾನ್ಸು ಅಲ್ಲ. ಒಂದೇ ಟೀಮು ಅಲ್ಲ. ಅರವತ್ತು ಅಲ್ಲ. ಊಟದ ಸಾಲಿನಲ್ಲಿ ನನ್ನನ್ನು ನೋಡಿದವರೆಲ್ಲ "ಜ್ವರ ಬಂತು, ಜ್ವರ ಬಂತು" ಅಂತ ಬೆಂಚಿನ ಮೇಲೆ ಬೀಳುತ್ತಾರೆ.

ಟೀಮು ಬಿಡುತ್ತೇನೆ ಅಂತ ಸರ್‌ಗೆ ಹೇಳಿದೆ. ಸೆಪ್ಟೆಂಬರ್ ಇಪ್ಪತ್ತರವರೆಗೆ ಯೋಚನೆ ಮಾಡು, ಆಮೇಲೆ ಹೆಸರು ತೆಗೆಯುತ್ತೇನೆ ಅಂದರು. ಕಾಲೇಜೂ ಬಿಡಬೇಕು ಅನ್ನಿಸುತ್ತಿದೆ. ಟಿಸಿ ಅರ್ಜಿಯ ಫಾರಂ ತಂದಿಟ್ಟಿದ್ದೇನೆ.

ನಾನು ನಿಮ್ಮ ಗಿರಾಕಿ ಅಲ್ಲ ಅಬ್ಬಾ.

ಮಿನಾಜ್


ದೇವದುರ್ಗ
6 ಸೆಪ್ಟೆಂಬರ್ 2025

ಬೇಟಿ,

ಎರಡು ಡಬ್ಬಿಗಳು ತುಂಬಿದಂತೆಯೇ ವಾಪಸು ಬಂದವು. ಆದೆಪ್ಪ ಕೈಗೆ ಕೊಟ್ಟ.

ನಿನ್ನ ಅಮ್ಮಿ "ಕೈಕು ಝೂಟ್ ಬೋಲೆ ಜಿ?" ಎಂದು ಒಂದೇ ಸಲ ಕೇಳಿದಳು. ಯಾಕೆ ಸುಳ್ಳು ಹೇಳಿದಿರಿ ಎಂದು. ಅವಳು ಗುಲ್ಶನ್ ಬೇಗಂ. ಒಂದು ಸಲ ಕೇಳಿದರೆ ಹತ್ತು ಸಲ ಕೇಳಿದಂತೆ.

ನೀನು ಕಳಿಸಿದ ಹಾಳೆ ಇಂಗ್ಲಿಷಿನಲ್ಲಿದೆ. ಓದಿಸಿಕೊಂಡು ಬರೆಯುತ್ತೇನೆ. ಅಲ್ಲಿಯವರೆಗೆ ಅರ್ಜಿ ಕೊಡಬೇಡ. ರೊಟ್ಟಿ ತಿನ್ನು, ಅದನ್ನು ಸುಟ್ಟವಳು ಸುಳ್ಳು ಹೇಳಿಲ್ಲ.

ಸಮೀಉಲ್ಲಾ


ದೇವದುರ್ಗ
14 ಸೆಪ್ಟೆಂಬರ್ 2025

ಬೇಟಿ ಮಿನಾಜ್‌ಗೆ ದುವಾ.

ಹಾಳೆಯನ್ನು ಆನ್‌ಲೈನ್ ಅಂಗಡಿಯ ಮತೀನನ ಹತ್ತಿರ ಒಯ್ದೆ. ಆಧಾರ್ ಕಾರ್ಡ್ ತಿದ್ದಿಸಲು ಬಂದವರು ಸಾಲಾಗಿ ನಿಂತಿದ್ದರು. ನಾನೂ ನಿಂತೆ. ನನ್ನ ಪಾಳಿ ಬಂದಾಗ "ಏನ್ ತಿದ್ದಬೇಕು ಚಾಚಾ?" ಎಂದು ಕೇಳಿದ. "ನನ್ನನ್ನ ತಿದ್ದಬೇಕಪ್ಪಾ" ಎಂದು ಹಾಳೆ ಕೊಟ್ಟೆ.

ಈಗ ಬರೆಯುವುದೆಲ್ಲ ಮತೀನ್ ಒಂದೊಂದೇ ಸಾಲು ಓದಿ ಹೇಳಿದ್ದು. ನನ್ನದು ಒಂದು ಅಕ್ಷರವೂ ಇಲ್ಲ.

ಪೂರ್ತಿ ಹೆಸರು ತೊಮಾಜ್ ಗ್ರಿಲೆಕ್. ದೇಶ ಸ್ಲೊವೇನಿಯಾ. "ಚಾಚಾ, ಇಡೀ ದೇಶದ ಮಂದಿ ಕೂಡಿದ್ರ ನಮ್ಮ ರಾಯಚೂರು ಜಿಲ್ಲಾದಷ್ಟ ಆಕ್ಕಾರ ನೋಡು" ಎಂದ ಮತೀನ್. ವಯಸ್ಸು ಮೂವತ್ತೆಂಟು. ಎತ್ತರ ಆರು ಅಡಿ ಎಂಟು ಇಂಚು. ಹದಿನೆಂಟನೇ ವಯಸ್ಸಿಗೆ ತನ್ನ ಊರಿನ ಕ್ಲಬ್ಬಿಗೆ ಸೇರಿದ. ಎರಡು ವರ್ಷದಲ್ಲಿ ಅವರು ಬಿಟ್ಟರು. ಆಮೇಲೆ ಆಸ್ಟ್ರಿಯಾ, ಹಂಗೇರಿ, ರೊಮೇನಿಯಾ, ಸೈಪ್ರಸ್, ಮತ್ತೆ ಹಂಗೇರಿ, ಮತ್ತೆ ಆಸ್ಟ್ರಿಯಾ. ಇಪ್ಪತ್ತು ವರ್ಷಕ್ಕೆ ಹದಿನಾಲ್ಕು ಕ್ಲಬ್ಬು. ಒಂದು ಕ್ಲಬ್ಬು ಜನವರಿಯಲ್ಲಿ ಬಾಗಿಲು ಹಾಕಿತು, ಆಟಗಾರರು ತಮ್ಮ ತಮ್ಮ ಬ್ಯಾಗು ಹೊತ್ತು ಬಸ್ಸು ಹತ್ತಿದರು. ಮೊಣಕಾಲು ಎರಡು ಸಲ ಕೊಯ್ದಿದ್ದಾರೆ. ನೀಲಿ ಅಂಗಿ ಆಸ್ಟ್ರಿಯಾದ ಒಂದು ಸಣ್ಣ ಊರಿನ ಕ್ಲಬ್ಬಿನದು. ಅಲ್ಲಿ ಒಂದೇ ಚಳಿಗಾಲ ಇದ್ದ. ಹನ್ನೊಂದು ಮ್ಯಾಚಿನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಇಳಿಸಿದರು. ಹನ್ನೊಂದೂ ಕೂಡಿ ಹತ್ತೊಂಬತ್ತು ಪಾಯಿಂಟು.

ನಾನು ಒಂದೇ ಮ್ಯಾಚಿಗೆ ಅರವತ್ತು ಎಂದಿದ್ದೆ.

ಹದಿನಾಲ್ಕು ಕ್ಲಬ್ಬು ಎಂದು ಮತೀನ್ ಓದಿದಾಗ ನಾನು ತಡೆದು ಕೇಳಿದೆ: "ಅಂದ್ರ ಹದಿನಾಲ್ಕು ಸಂತಿ?" ಅವನು ನಕ್ಕ. "ಹಂಗ ಅನ್ಕೋ ಚಾಚಾ." ನಗುವಂಥದ್ದೇನೂ ಅಲ್ಲ. ಗಬ್ಬೂರು, ಅರಕೇರಾ, ಮಾನ್ವಿ, ಕುರ್ಡಿ ಎಂದು ಇಪ್ಪತ್ತೆರಡು ವರ್ಷದಿಂದ ನಾನು ಗಂಟು ಕಟ್ಟುತ್ತಿದ್ದೇನೆ, ಬಿಚ್ಚುತ್ತಿದ್ದೇನೆ. ಒಂದು ಸಂತೆಯಲ್ಲಿಯೂ ನನ್ನದು ಮೊದಲನೇ ಅಂಗಡಿಯಲ್ಲ. ತರಕಾರಿಯವರೆಲ್ಲ ಜಾಗ ಹಿಡಿದ ಮೇಲೆ ಉಳಿದದ್ದು ನನಗೆ. ಎಷ್ಟೋ ದಿನ ಯಾರೂ ಕರೆಯದೆ ಸಂಜೆಯವರೆಗೆ ಕೂತಿದ್ದೇನೆ. ಮರುದಿನ ಮತ್ತೆ ಗಂಟು ಹೊತ್ತಿದ್ದೇನೆ. ಈ ಮನುಷ್ಯನ ಕಥೆಗೆ ನಾನು ಸುಳ್ಳು ಸೇರಿಸಬೇಕಾಗಿರಲಿಲ್ಲ ಬೇಟಿ. ಇದ್ದದ್ದು ಇದ್ದ ಹಾಗೆ ನನಗೆ ಗೊತ್ತಿರುವ ಕಥೆಯೇ.

ಮತೀನ್ ಅವನ ದೇಶದ ಪೇಪರಿನ ಒಂದು ಸಂದರ್ಶನವನ್ನೂ ಹುಡುಕಿದ. ಆ ಭಾಷೆಯನ್ನು ಫೋನೇ ಕನ್ನಡ ಮಾಡಿತು, ಅರ್ಧ ಕೆಟ್ಟ ಕನ್ನಡ. ಪೇಪರಿನವರು ಕೇಳಿದ್ದಾರೆ: ಇಪ್ಪತ್ತು ವರ್ಷದಲ್ಲಿ ಹೆಚ್ಚು ಕಾಲ ಬೆಂಚಿನ ಮೇಲೆಯೇ ಕಳೆದಿರಲ್ಲ, ಬೇಸರವಾಗಲಿಲ್ಲವೇ? ಅದಕ್ಕೆ ಅವನ ಉತ್ತರ: "ಕರೆದಾಗ ನನ್ನ ಬೂಟಿನ ಲೇಸು ಕಟ್ಟಿರಬೇಕು. ಅಷ್ಟು ಮಾತ್ರ ನನ್ನ ಕೈಯಲ್ಲಿತ್ತು. ಒಂದು ದಿನವೂ ಬಿಚ್ಚಿರಲಿಲ್ಲ." ಈಗ ಮತ್ತೆ ತನ್ನ ಊರಿನ ಕ್ಲಬ್ಬಿನಲ್ಲಿದ್ದಾನೆ. ಹಗಲು ಕಿಟಕಿ ಮಾಡುವ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಆಟ. ಇನ್ನೂ ಬಿಟ್ಟಿಲ್ಲ.

ಯಾಕೆ ಸುಳ್ಳು ಹೇಳಿದೆ ಎಂದು ನಿನ್ನ ಅಮ್ಮಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ನಿನಗೆ ಕೊಡುತ್ತೇನೆ. ಹಳೇ ಅಂಗಿಯನ್ನು ಯಾರೂ ತೊಡುವುದಿಲ್ಲ, ಅದರ ಜೊತೆ ಒಂದು ಕಥೆ ಕೊಟ್ಟರೆ ತೊಡುತ್ತಾರೆ. ನನಗೆ ಗೊತ್ತಿರುವ ಕೆಲಸ ಅದೊಂದೇ. ಕಾಲು ನಡುಗುತ್ತವೆ ಎಂದು ನೀನು ಬರೆದೆ. ನನ್ನ ಹತ್ತಿರ ಬೇರೆ ಔಷಧ ಇರಲಿಲ್ಲ.

ಟೀಮಿನಲ್ಲಿ ಇರುವುದು ಬಿಡುವುದು ನಿನಗೆ ಸೇರಿದ್ದು. ಬಿಟ್ಟರೂ ಬಯ್ಯುವುದಿಲ್ಲ.

ತಪ್ಪು ಮಾಡಿದ ನಿನ್ನ ಅಬ್ಬಾ,
ಸಮೀಉಲ್ಲಾ


ರಾಯಚೂರು
21 ಸೆಪ್ಟೆಂಬರ್ 2025

ಪ್ರೀತಿಯ ಅಬ್ಬಾ,

ಡಬ್ಬಿ ಖಾಲಿ ಬಂದಿದೆ, ನೋಡಿದಿರಲ್ಲ. ಅಮ್ಮಿಗೆ ಹೇಳಿ, ಶೇಂಗಾ ಚಟ್ನಿ ನನಗೆ ಉಳಿಯಲೇ ಇಲ್ಲ, ಶಿವಗಂಗಾ ತಿಂದಳು.

ಅದು ಹೇಗೆ ಅಂದರೆ, ನಿಮ್ಮ ಕಾಗದವನ್ನು ನಾನು ಮೆಟ್ಟಿಲ ಮೇಲೆ ಕೂತು ಓದುತ್ತಿದ್ದೆ. ಅಳುತ್ತಿದ್ದೆ ಅಂತ ಬರೆಯುವುದಿಲ್ಲ. ಅವಳು ಬಂದು ನಿಂತಳು. "ಏನಬೇ, ಈ ಸಲ ಎಷ್ಟು ಪಾಯಿಂಟು? ಎಂಬತ್ತಾ?" ಅಂದಳು. ಸಿಟ್ಟಿನಲ್ಲಿ ಕಾಗದ ಅವಳ ಕೈಗೇ ತುರುಕಿದೆ. ನಿಂತುಕೊಂಡೇ ಓದಲು ಶುರು ಮಾಡಿದವಳು ನಡುವೆ ಎಲ್ಲೋ ಕೂತಳು. ಮುಗಿಸಿ ಮಡಚಿ ಕೊಟ್ಟಳು. "ಲೇ, ಈ ಗ್ರಿಲೆಕ್ ಚಲೋ ಅದಾನ. ಆ ಅರವತ್ತರವ ನನಗ ಮೊದಲ ಸೇರಿದ್ದಿಲ್ಲ" ಅಂದಳು. "ನೋಟಿಸ್ ಬೋರ್ಡಿಗೆ ಹಚ್ಚಿದ್ದು ಜಾಸ್ತಿ ಆತು" ಅಂತಲೂ ಅಂದಳು. ಆಮೇಲೆ ಡಬ್ಬಿಯ ಮುಚ್ಚಳ ಅವಳೇ ತೆಗೆದಳು.

ಸಾರಿ ಅಬ್ಬಾ, ನಿಮ್ಮನ್ನು ಕೇಳದೆ ಒಂದು ಕೆಲಸ ಆಗಿದೆ. ನಿಮ್ಮ ಕಾಗದದಲ್ಲಿ ಹದಿನಾಲ್ಕು ಸಂತಿ ಇರುವ ಹಾಳೆಯ ಕಾಪಿ ಈಗ ಅದೇ ಬೋರ್ಡಿನ ಮೇಲಿದೆ. ಹಂಪಮ್ಮ ಮೇಡಂ ನಿಂತು ಪೂರ್ತಿ ಓದಿ, "ನಿಮ್ಮ ತಂದೆ ಯಾವ ಕಾಲೇಜಿನ್ಯಾಗ ಕಲಿಸ್ತಾರ?" ಅಂತ ಕೇಳಿದರು. ಶರಣಯ್ಯ ಮಾಸ್ತರರಿಗೆ ಹೇಳಬೇಕಿತ್ತು.

ನಿನ್ನೆ ಇಪ್ಪತ್ತನೇ ತಾರೀಖು. ನಾನು ಪ್ರಾಕ್ಟೀಸಿಗೆ ಹೋದೆ. ಸರ್ ನನ್ನ ಕಡೆ ಬಾಲ್ ಎಸೆದರು. ಕಾಲು ನಡುಗಿದವು. ಆದರೆ ಲೇಸು ಕಟ್ಟಿತ್ತು, ಎರಡೆರಡು ಗಂಟು. ಟಿಸಿ ಫಾರಂ ಹಿಂಬದಿ ಖಾಲಿ ಇತ್ತು, ಈ ಕಾಗದ ಬರೆದಿರುವುದು ಅದರ ಮೇಲೆಯೇ. ತಿರುಗಿಸಿ ನೋಡಿ.

ನಿಮ್ಮ ಮಗಳು,
ಮಿನಾಜ್


ರಾಯಚೂರು
17 ನವೆಂಬರ್ 2025

ಪ್ರೀತಿಯ ಅಬ್ಬಾ,

ಅಮ್ಮಿ ಹೊಲಿದು ಕಳಿಸಿದ ಉದ್ದ ತೋಳಿನ ನೀಲಿ ಅಂಗಿ ಸರಿಯಾಗಿದೆ, ಅದನ್ನು ಜೆರ್ಸಿಯ ಒಳಗೆ ಹಾಕಿಕೊಳ್ಳುತ್ತೇನೆ. 25ಕ್ಕೆ ಇಂಟರ್ ಕಾಲೇಜ್ ಮ್ಯಾಚು. ಎಲ್ಲಿ ಅಂದುಕೊಂಡಿರಿ? ಮಾನ್ವಿಯಲ್ಲಿ! ಅವತ್ತೇ ಅಲ್ಲಿ ಸಂತೆ ಅಂತ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಪ್ಲೀಸ್, ಬರಬೇಡಿ. ನೀವು ಬಂದರೆ ನಾನು ಒಂದೂವರೆ ತಾಸು ಬೆಂಚಿನ ಮೇಲೆ ಕೂತಿರುವುದನ್ನು ನೋಡಬೇಕಾಗುತ್ತದೆ. ನನಗೆ ಬೆಂಚು ಈಗ ರೂಢಿಯಾಗಿದೆ, ನೀವು ನೋಡುವುದು ರೂಢಿಯಾಗಿಲ್ಲ. ಅಂಗಡಿ ಬಿಟ್ಟು ಬರುವುದಿಲ್ಲ ಅಂತ ಮಾತು ಕೊಡಿ.

ಮಿನಾಜ್


ದೇವದುರ್ಗ
20 ನವೆಂಬರ್ 2025

ಬೇಟಿ,

ಅಂಗಡಿ ಬಿಟ್ಟು ನಾನೆಲ್ಲಿಗೆ ಹೋಗಲಿ? ಚಳಿ ಶುರುವಾಗಿದೆ, ಸ್ವೆಟರಿನ ಕಾಲ. ಲೇಸು ಕಟ್ಟಿಕೋ.

ಸಮೀಉಲ್ಲಾ


ರಾಯಚೂರು
26 ನವೆಂಬರ್ 2025

ಪ್ರೀತಿಯ ಅಬ್ಬಾ,

ಮೊದಲೇ ಹೇಳಿಬಿಡುತ್ತೇನೆ, ನಾವು ಆರು ಪಾಯಿಂಟಿನಿಂದ ಸೋತೆವು. ಈಗ ಉಳಿದದ್ದು ಓದಿ.

ಒಬ್ಬಳ ಕಾಲು ಶುರುವಿನಲ್ಲೇ ಉಳುಕಿತು, ಅವಳ ಬದಲು ಬೆಂಚಿನಿಂದ ಒಬ್ಬಳು ಹೋದಳು. ಇನ್ನೊಬ್ಬಳ ಮೂಗಿಗೆ ಬಾಲ್ ಬಡಿಯಿತು, ಎರಡನೆಯವಳೂ ಹೋದಳು. ಬೆಂಚಿನ ಮೇಲೆ ನಾನು ಮತ್ತು ನೀರಿನ ಬಾಟಲಿಗಳು. ಮುಗಿಯಲು ಮೂರು ನಿಮಿಷ ಇದ್ದಾಗ ಶಿವಗಂಗಾಗೆ ಐದನೇ ಫೌಲು. ಐದಾದರೆ ಹೊರಗೆ. ಅವಳು ನನ್ನ ಮುಂದೆ ಬಂದು ನಿಂತು, ಮುಖ ನೋಡಲಿಲ್ಲ, ಬೂಟು ನೋಡಿದಳು. "ಕಟ್ಟೀಯಲ್ಲಬೇ. ಹೋಗು" ಅಂದಳು.

ಎರಡು ನಿಮಿಷ ನಾನು ಸುಮ್ಮನೆ ಕೈ ಎತ್ತಿ ನಿಂತಿದ್ದೆ. ಉದ್ದ ಇದ್ದೇನಲ್ಲ, ಅದೇ ಅವರಿಗೆ ಅಡ್ಡ ಬಂತು. ಆಮೇಲೆ ಬಾಲ್ ರಿಂಗಿಗೆ ಬಡಿದು ನೇರ ನನ್ನ ಕೈಗೇ ಬಿತ್ತು. ಎಸೆಯಲು ಹೋದೆ, ಎದುರಿನವಳು ಕೈಗೆ ಹೊಡೆದಳು, ಬಿದ್ದೆ. ಎರಡು ಫ್ರೀ ಥ್ರೋ ಕೊಟ್ಟರು. ಯಾರೂ ಅಡ್ಡ ಬರುವಂತಿಲ್ಲ, ನಾನೊಬ್ಬಳೇ ನಿಂತು ಎಸೆಯಬೇಕು, ಒಂದಕ್ಕೆ ಒಂದು ಪಾಯಿಂಟು. ಮೊದಲನೆಯದು ರಿಂಗನ್ನೂ ಮುಟ್ಟಲಿಲ್ಲ, ಬೋರ್ಡನ್ನೂ ಮುಟ್ಟಲಿಲ್ಲ. ಎರಡನೆಯದು ರಿಂಗಿನ ಮೇಲೆ ಎರಡು ಸುತ್ತು ಸುತ್ತಿತು, ಒಳಗೆ ಬೀಳಲೋ ಬೇಡವೋ ಅಂತ ಯೋಚನೆ ಮಾಡಿತು, ಬಿತ್ತು.

ಒಂದು ಪಾಯಿಂಟ್ ಅಬ್ಬಾ! ಗ್ರಿಲೆಕನ ಹತ್ತೊಂಬತ್ತಕ್ಕೆ ಇನ್ನು ಹದಿನೆಂಟೇ ಉಳಿದವು.

ಒಂದು ಪ್ರಶ್ನೆ. ಬಾಲ್ ಬಿದ್ದ ಕೂಡಲೇ ಕಾಂಪೌಂಡಿನ ಆಚೆ ಯಾರೋ ಸೀಟಿ ಹೊಡೆದರು. ಸಂತೆಯಲ್ಲಿ ದೂರದ ಗಿರಾಕಿಯನ್ನು ಕರೆಯಲು ನೀವು ಹೊಡೆಯುತ್ತೀರಲ್ಲ, ಎರಡು ಬೆರಳಿನದು, ಅಂಥದ್ದೇ. ನೀವು ಅಂಗಡಿಯಲ್ಲೇ ಇದ್ದಿರಿ, ಅಲ್ಲವೇ?

ನಿಮ್ಮ ಒಂದು ಪಾಯಿಂಟಿನ ಮಗಳು,
ಮಿನಾಜ್


ದೇವದುರ್ಗ
30 ನವೆಂಬರ್ 2025

ಬೇಟಿ ಮಿನಾಜ್‌ಗೆ ದುವಾ.

"ನಾನು ಅಂಗಡಿಯಲ್ಲೇ ಇದ್ದೆ" ಎಂದು ಮೊದಲ ಸಾಲು ಬರೆದೆ. ಆಮೇಲೆ ಆ ಹಾಳೆ ಹರಿದೆ. ಇದು ಎರಡನೇ ಹಾಳೆ.

ಸ್ವೆಟರುಗಳನ್ನು ಉಳ್ಳಾಗಡ್ಡಿ ಮಾರುವ ಸಿದ್ರಾಮನಿಗೆ ಒಪ್ಪಿಸಿ, ಅವನ ತಳ್ಳುಬಂಡಿಯನ್ನೇ ಕೇಳಿ ಒಯ್ದೆ. ಕಾಂಪೌಂಡಿಗೆ ಹಚ್ಚಿ ಅದರ ಮೇಲೆ ನಿಂತೆ. "ಬಂಡಿ ಮುರದ್ರ ಉಳ್ಳಾಗಡ್ಡಿ ನಿನ್ನ ತಲಿ ಮ್ಯಾಲಿಟ್ಟು ಮಾರ್ತೀನಿ ನೋಡು ಸಾಹೇಬ" ಎಂದಿದ್ದ. ಮುರಿಯಲಿಲ್ಲ. ನೀನು ಬೆಂಚಿನ ಮೇಲೆ ಕೂತದ್ದನ್ನೂ ಪೂರ್ತಿ ನೋಡಿದೆ. ನೀನು ಚೆನ್ನಾಗಿ ಕೂತಿದ್ದೆ. ಬೆನ್ನು ನೆಟ್ಟಗಿತ್ತು, ಮೂರು ಸಲ ಬಗ್ಗಿ ಲೇಸು ನೋಡಿಕೊಂಡೆ. ಮಾತು ತಪ್ಪಿದ್ದೇನೆ, ಇದನ್ನೂ ತಪ್ಪಿನ ಪಟ್ಟಿಗೆ ಸೇರಿಸಿಕೋ.

ಕುರ್ಡಿ ಸಂತೆಯ ಮಾತು ಹೇಳಿ ಮುಗಿಸುತ್ತೇನೆ. ಗಂಟಿನಲ್ಲಿ ಒಂದು ಹಸಿರು ಆಟದ ಅಂಗಿ ಬಂದಿತ್ತು. ಒಬ್ಬ ಗಿರಾಕಿ ಎತ್ತಿ ಹಿಡಿದು ಕೇಳಿದ, "ಇದು ಯಾರದ್ರಿ?" ನಾಲಿಗೆಯ ತುದಿಗೆ ಒಬ್ಬ ದೊಡ್ಡ ಆಟಗಾರ ಬಂದು ನಿಂತಿದ್ದ. ಅವನನ್ನು ನುಂಗಿದೆ. "ಯಾರದೋ ಗೊತ್ತಿಲ್ಲ ರೀ. ಬಟ್ಟಿ ಗಟ್ಟಿ ಅದ" ಎಂದೆ. ಅವನಿಗೆ ಆಶ್ಚರ್ಯ. "ಯಾಕ ಸಾಹೇಬ್ರ, ಆರಾಮಿಲ್ಲೇನು? ಕಥಿ ಎಲ್ಲಿ?"

"ಕಥಿ ಅದ. ನನ್ನ ಮಗಳು ಈ ಆಟ ಆಡ್ತಾಳ, ರಾಯಚೂರು ಕಾಲೇಜಿನ್ಯಾಗ."

"ಹೌದಾ! ಎಷ್ಟು ಪಾಯಿಂಟು ಹೊಡದಾಳ?"

ನಲವತ್ತು ಎಂಬ ಮಾತು ಬಾಯಿಯವರೆಗೆ ಬಂದಿತ್ತು, ಅಲ್ಲಾ ಕಸಂ.

"ಒಂದು" ಎಂದೆ.

"ಒಂದ?"

"ಒಂದ ರೀ. ತಳ್ಳುಬಂಡಿ ಮ್ಯಾಲೆ ನಿಂತು, ಈ ಕಣ್ಣೀಲೆ ನೋಡೀನಿ."

ನಿನ್ನ ಅಬ್ಬಾ,
ಸಮೀಉಲ್ಲಾ